ದಿನ ತುಂಬಿಲ್ಲ ಅಂದ್ರ ಇನ್ನಾ ಜಲ್ದಿ ಹೋಗ್ಬೇಕ್ರಿ

ಇವತ್ತ ಒಂದು ಕುಬಸಕ್ಕ ಹೋಗಿ ಸಿಟ್ಟಿಲೆ ಮನಿಗಿ ಬಂದೀನಿ. ಹುಡುಗಿ ನಮ್ಮ ಸಾಲಿ ಟೀಚರೊಬ್ಬರ ತಮ್ಮನ ಹೆಂಡ್ತಿ, ಎಂಟನೇ ತಿಂಗಳು ಈಗ ಹತ್ತದ ಅಷ್ಟೇ. ಹಸರ ಸೀರಿ, ಕೈತುಂಬ ಬಳಿ, ತಲಿಗಿ ದಂಡಿ, ಎಲ್ಲಾ ಚಂದ ಮಾಡಿ ಕೂಡ್ಸ್ಯಾರ, ಆದ್ರ ಆಕಿ ಟೊಂಕದ ಮ್ಯಾಲಿನ ಕೈ ತೆಗಿಲಾಕ ತಯಾರಿಲ್ಲ, ನಡುನಡುವ ಹಲ್ಲು ಕಚ್ಚಿ ಹಿಡಿತಾಳ, ಫೋಟೋದವ ಹೇಳಿದ ಕೂಡ್ಲೆ ಮತ್ತ ನಗ್ತಾಳ. ಹತ್ರ ಹೋಗಿ ಕೇಳಿದೆ. "ಅಕ್ಕಾರ, ಮುಂಜಾನಿಂದ ಟೊಂಕ ಹಿಡದು ಹಿಡದು ಬಿಡ್ಲಾಕತ್ತದ್ರಿ, ಹೊಟ್ಟಿ ಗಟ್ಟಿ ಆಗ್ತದ, ಮತ್ತ ಸಡ್ಲ ಆಗ್ತದ" ಅಂದ್ಳು. ಯಾರಿಗರ ಹೇಳಿದೇನವ್ವಾ ಅಂದ್ರ ಎಲ್ಲರಿಗೂ ಹೇಳ್ಯಾಳ! ಎಲ್ಲರದೂ ಒಂದೇ ಮಾತು. ಇನ್ನಾ ದಿನ ತುಂಬಿಲ್ಲ, ಸುಳ್ಳು ಬ್ಯಾನಿ ಅವು, ಜೀರಗಿ ನೀರು ಕುಡಿ, ಆರತಿ ಮುಗಿಲಿ ಆಮ್ಯಾಲೆ ಮಲಕೊಳಾಕಂತಿ.

ನಾ ಸುಮ್ಮಿರ್ಲಿಲ್ಲ. ಈಗಿಂದೀಗ ದವಾಖಾನಿಗಿ ಕರ್ಕೊಂಡು ಹೋಗ್ರಿ ಅಂದೆ. ಶುಭಕಾರ್ಯದಾಗ ಹಿಂಗ್ಯಾಕ ಅಪಶಕುನ ಆಡ್ತೀರಿ ಅಂತ ಹಿರೇರೊಬ್ಬರು ಎದ್ದು ನಿಂತ್ರು. ಕಡಿಗಿ ಆ ಹುಡುಗಿ ಅವ್ವನೇ ದಂಡಿ ತೆಗದು ಬಾಜೂಕ್ಕಿಟ್ಟು ನಡಿ ಅಂದ್ರು, ಆಟೋ ಹಿಡದು ಹೋದ್ವಿ. ಡಾಕ್ಟರ್ ಚೆಕ್ ಮಾಡಿ ಅಡ್ಮಿಟ್ ಮಾಡ್ಕೊಂಡ್ರು, ಸೂಜಿ ಶುರು ಮಾಡಿದ್ರು, ಬ್ಯಾನಿ ತಡಿಲಾಕ ಗುಳಿಗಿ ಕೊಟ್ರು, ಸಂಜಿತನ ಬ್ಯಾನಿ ಕಮ್ಮಿ ಆಯ್ತು. ಈಗ ಒಂದು ಫೋನ್ ಬಂದಿತ್ತು. ಏನೂ ಆಗಿಲ್ಲಂತ, ನಾನೇ ಸುಮ್ಮ ಗದ್ದಲ ಹಾಕಿ ಕಾರ್ಯ ಕೆಡಸಿದೆನಂತ.

ಏನೂ ಆಗಿಲ್ಲ ಅನ್ನೋದೇ ಬೇಕಾಗಿತ್ತಲ್ರಿ ನಮಗ? ಅದಕ್ಕೇ ಅಲ್ಲೇನು ಹೋಗಿದ್ದು?

ನನ್ನ ಕಥಿ ಹಳೇ ಗೆಳತ್ಯಾರಿಗಿ ಗೊತ್ತದ, ಆದ್ರ ಪೂರಾ ಯಾರಿಗೂ ಹೇಳಿಲ್ಲ, ಇವತ್ತ ಹೇಳ್ತೀನಿ. ಮೇ ತಿಂಗಳ ಬಿಸಲು, ನಾ ಸೇಡಂ ತಾಲೂಕಿನ ನಮ್ಮ ಅತ್ತಿ ಮನ್ಯಾಗಿದ್ದೆ, ಮೂವತ್ತೆರಡನೇ ವಾರ. ನಸುಕಿನ್ಯಾಗ ಟೊಂಕ ನೋಯ್ಲಾಕ ಶುರು ಆಯ್ತು. ಅತ್ತಿಯವರಿಗಿ ಹೇಳಿದೆ, ದಿನ ತುಂಬಿಲ್ಲ ಅಂದ್ರು. ಹಿರಿ ನೆಗೆಣ್ಣಿಗಿ ಹೇಳಿದೆ, ನನಗೂ ಹಿಂಗೇ ಆಗಿತ್ತು ಅಂದ್ರು. ಸೀರಿ ಒದ್ದಿ ಆಯ್ತು, ಅದು ಕೂಸಿನ ಸುತ್ತಿನ ನೀರು ಅಂತ ಆ ಮನ್ಯಾಗ ಯಾರೂ ಹೇಳ್ಲಿಲ್ಲ, ಬಸುರ್ಯಾಗ ಉಚ್ಚಿ ತಡಿಯಲ್ಲ ಬಿಡು ಅಂದ್ರು. ನಮ್ಮನಿಯವರು ಕಲಬುರಗ್ಯಾಗ ಡ್ಯೂಟಿ ಮ್ಯಾಲೆ, ಮಾವ ಹೊಲದಾಗ, ಮಾವ ಬಂದ್ಮ್ಯಾಲೆ ಕೇಳೋಣು, ಅವರು ಹ್ಞೂಂ ಅಂದ್ರ ಗಾಡಿ ಯಾರದು ತರೋದು ನೋಡೋಣು. ನೋವು ತಿನ್ನಾಕತ್ತಿದ್ದು ನಾನು, ನನ್ನ ಮಾತು ಬಿಟ್ಟು ಎಲ್ಲರ ಮಾತು ನಡಿತು. ಮಧ್ಯಾಹ್ನ ಊರಿನ ಆಶಾ ಅಕ್ಕ ತನ್ನ ಕೆಲಸಕ್ಕಂತ ಮನಿಗಿ ಬಂದಾಕಿ ನನ್ನ ಮಾರಿ ನೋಡಿ ತಾಯಿ ಕಾರ್ಡ್ ಎಲ್ಲದ ಅಂತಷ್ಟೇ ಕೇಳಿ 108ಕ್ಕ ಹಚ್ಚಿದ್ಳು. ಯಾರ ಪರ್ಮಿಷನ್ನೂ ಕೇಳ್ಲಿಲ್ಲ. ಆಕಿ ಋಣ ನಾ ತೀರ್ಸೋದಲ್ಲ.

ತಾಲೂಕಾ ದವಾಖಾನ್ಯಾಗ ಒಂದು ಸೂಜಿ ಮಾಡಿ ಕಲಬುರಗಿಗಿ ಕಳ್ಸಿದ್ರು. ಮಳಖೇಡ ದಾಟೋತನ ಬರೇ ಸಿಮೆಂಟಿನ ಲಾರಿ, ಆ ರೋಡಿನ್ಯಾಗ ಹೋಗಿದ್ದೋರಿಗಿ ಗೊತ್ತದ, ನಾ ಆಂಬುಲೆನ್ಸಿನ ಸರಳು ಹಿಡದು ಮಲಗಿದ್ದೆ. ದೊಡ್ಡ ದವಾಖಾನಿಗಿ ಮುಟ್ಟಿದ್ವಿ, ಎರಡನೇ ಸೂಜಿ ಟೈಮ್ ಬರೋದ್ರಾಗೇ ಮಗಳು ಹುಟ್ಟಿದ್ಳು. ಒಂದೂವರೆ ಕೆಜಿ ಸುದ್ದಾ ತುಂಬಿರ್ಲಿಲ್ಲ. ಅತ್ತಳೋ ಇಲ್ಲೋ ನನಗ ಕೇಳ್ಲಿಲ್ಲ, ಎತ್ಕೊಂಡು ಓಡಿದ್ರು.

ಆ ಸೂಜಿ ಏನು ಅಂತ ಆಮ್ಯಾಲೆ ತಿಳ್ಕೊಂಡೆ. ಸೈನ್ಸ್ ಪಾಠ ಮಾಡಾಕಿ ನಾನು, ತಿಳ್ಕೊಳೋತನ ನಿದ್ದಿ ಬರ್ಲಿಲ್ಲ. ದಿನ ತುಂಬದ ಕೂಸಿನ ಪುಪ್ಪುಸದಾಗ ಸರ್ಫ್ಯಾಕ್ಟಂಟ್ ಅನ್ನೋ ಜಿಡ್ಡಿನಂಥಾದ್ದು ಸಾಕಷ್ಟು ತಯಾರಾಗಿರಲ್ಲ, ಅದಿಲ್ಲಂದ್ರ ಉಸಿರು ಬಿಟ್ಟ ಕೂಡ್ಲೆ ಗಾಳಿ ಚೀಲ ಒದ್ದಿ ಪ್ಲಾಸ್ಟಿಕ್ ಕವರಿನಂಗ ಅಂಟ್ಕೋತಾವ, ಪ್ರತಿ ಉಸಿರಿಗೂ ಕೂಸು ಅದನ್ನ ಹೊಸದಾಗಿ ಬಿಡ್ಸಬೇಕು, ಪಕ್ಕಿ ಒಳಗ ಎಳ್ಕೊಂಡು ಎಳ್ಕೊಂಡು ದಣಿತದ. ತಾಯಿಗಿ ಮುಂಚೇನೇ ಸ್ಟೀರಾಯ್ಡ್ ಸೂಜಿ ಮಾಡಿದ್ರ ಹೊಟ್ಟ್ಯಾಗಿನ ಕೂಸಿನ ಪುಪ್ಪುಸ ಜಲ್ದಿ ಬಲೀತದ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಅನ್ನೋ ಡಾಕ್ಟರು ಇದನ್ನ ಮೊದಲು ಕುರಿಮರಿಗಳಾಗ ನೋಡಿದ್ರು, ಆಮ್ಯಾಲೆ ಹೌಯಿ ಅನ್ನೋ ಮಕ್ಕಳ ಡಾಕ್ಟರ್ ಜೋಡಿ ಸೇರಿ ಬಸುರಿ ಹೆಣ್ಣಮಕ್ಕಳಿಗಿ ಕೊಟ್ಟು 1972ರಾಗ ಪ್ರಕಟ ಮಾಡಿದ್ರು. ನಮ್ಮ ಸರ್ಕಾರಿ ದವಾಖಾನ್ಯಾಗ ಕೊಡೋದು ಡೆಕ್ಸಾಮೆಥಾಸೋನ್, ಒಂದು ಸಲಕ್ಕ 6 ಮಿಲಿಗ್ರಾಂ, 12 ತಾಸಿಗೊಂದರಂಗ ನಾಕು ಸೂಜಿ. ಕೇಂದ್ರ ಸರ್ಕಾರದ 2014ರ ನಿಯಮದ ಪ್ರಕಾರ 24ರಿಂದ 34 ವಾರದೊಳಗ ಬ್ಯಾನಿ ಬಂದ್ರ ದೊಡ್ಡ ದವಾಖಾನಿಗಿ ಕಳ್ಸೋಕಿಂತ ಮೊದಲಿನ ಸೂಜಿ ಹಳ್ಳಿ ಉಪಕೇಂದ್ರದ ಎಎನ್‌ಎಂ ಸಿಸ್ಟರೇ ಮಾಡಬಹುದು. ರೊಕ್ಕದ ಔಷಧ ಅಲ್ಲ ಅದು, ಭಾಳ ಸಸ್ತಾ.

ಈಗ ಲೆಕ್ಕ ಹಾಕ್ರಿ. ಮೊದಲನೇದರಿಂದ ನಾಕನೇ ಸೂಜಿತನ 36 ತಾಸು ಬೇಕು. ಆ ತಾಸುಗಳು ಎಲ್ಲಿಂದ ಬರ್ತಾವ? ನಸುಕಿಂದ ಮಧ್ಯಾಹ್ನತನ ನಾವು ಮನ್ಯಾಗ ಮಾವ ಬರ್ಲಿ ಅಂತ ಕುಂತಿದ್ವಲ್ಲ, ಅದರಾಗ ಒಂದಿಷ್ಟರ ಅಲ್ಲಿಂದ ಬರ್ಬೇಕಿತ್ತು. ಅದೇ ನನ್ನ ಸಿಟ್ಟು. ಬ್ಯಾನಿ ಯಾಕ ಬಂತು ಅನ್ನೋದು ಯಾರ ಕೈಯಾಗೂ ಇಲ್ಲ, ಬಂದ್ಮ್ಯಾಲೆ ಕೈಯಾಗಿದ್ದ ತಾಸುಗಳನ್ನ ಕಳ್ಕೊಂಡ್ವಿ. ದಿನ ತುಂಬಿದಾಕಿ ಎರಡು ತಾಸು ತಡ ಮಾಡಿದ್ರ ನಡೀಬಹುದೇನೋ, ದಿನ ತುಂಬದಾಕಿಗಿ ಆ ಎರಡು ತಾಸೇ ಕೂಸಿನ ಉಸಿರು. ನಮ್ಮ ಮಂದಿ ಇದನ್ನೇ ಉಲ್ಟಾ ಮಾಡ್ತಾರ! ದಿನ ತುಂಬಿದ್ರ ಓಡ್ತಾರ, ದಿನ ತುಂಬಿಲ್ಲಂದ್ರ ಜೀರಗಿ ನೀರು ಕೊಡ್ತಾರ.

ಹೌದು, ಸುಳ್ಳು ಬ್ಯಾನಿ ಇರ್ತಾವ. ಎಷ್ಟೋ ಮಂದಿ ದವಾಖಾನಿಗಿ ಹೋಗಿ ಏನಿಲ್ಲ ಅನ್ನಿಸ್ಕೊಂಡು ವಾಪಸ್ ಬರ್ತಾರ, ಒಂದಿಷ್ಟು ಕಡಿ ಸಿಸ್ಟರುಗಳು ಇಷ್ಟಕ್ಕೆಲ್ಲಾ ಯಾಕ ಬಂದ್ರಿ ಅಂತ ಬೈತಾರ, ಅದೂ ಖರೆ. ಬೈಸ್ಕೊಂಡು ಬರ್ರಿ. ಸುಳ್ಳೋ ಖರೆವೋ ಅಂತ ಗರ್ಭಚೀಲದ ಬಾಯಿ ನೋಡಿ ಹೇಳಬೇಕು, ಪಡಸಾಲ್ಯಾಗ ಕುಂತು ಅತ್ತಿ ಹೇಳಾಕಾಗಲ್ಲ, ನಾನೂ ಹೇಳಾಕಾಗಲ್ಲ, ಇವತ್ತ ಆ ಹುಡುಗಿಗೂ ನಾ ಇದು ಖರೆ ಬ್ಯಾನಿ ಅಂತ ಹೇಳ್ಲಿಲ್ಲ, ತೋರಸೋಣು ನಡಿ ಅಂದೆ. ಖರ್ಚು ಅಂತೀರಾ? 108 ಫ್ರೀ. 2011ರಾಗ ಜನನಿ ಶಿಶು ಸುರಕ್ಷಾ ಬಂದಾಗಿಂದ ಸರ್ಕಾರಿ ದವಾಖಾನ್ಯಾಗ ಹೆರಿಗಿ, ಆಪರೇಷನ್, ಔಷಧ, ರಕ್ತ, ಊಟ ಎಲ್ಲಾ ಫ್ರೀ, ಕೂಸಿಗಿ ಆರಾಮಿಲ್ಲಂದ್ರ ಅದರ ಇಲಾಜೂ ಫ್ರೀ. ಇನ್ನೇನು ನೆಪ ಉಳಿತು?

ಇನ್ನೊಂದು ಮಾತು ನನ್ನ ಎದಿಯಾಗ ಇವತ್ತಿಗೂ ಚುಚ್ತದ. ಏಳು ತಿಂಗಳ ಕೂಸು ಉಳಿತದ, ಎಂಟು ತಿಂಗಳದ್ದು ಉಳಿಯಲ್ಲ, ಅಂತ ನಾ ಬಾಣಂತಿ ಮಲಗಿದ್ದ ಮಂಚದ ಬಾಜೂಕ ನಿಂತು ಹೇಳಿದ್ರು. ನನ್ನ ಕಿವಿಗಿ ಬೀಳ್ಲಂತಲ್ಲ, ಸಹಜವಾಗಿ ಮಾತಾಡ್ಕೋತ ಹೇಳಿದ್ರು. ಒಳಗ ನನ್ನ ಮಗಳು ಮೂಗಿಗಿ ಪೈಪು ಹಚ್ಕೊಂಡು ಒತ್ತಿ ಕೊಡೋ ಗಾಳಿ ಮ್ಯಾಲೆ ಉಸಿರಾಡಾಕತ್ಯಾಳ. ಖರೆ ಏನದ ಕೇಳ್ರಿ, ಹೊಟ್ಟ್ಯಾಗ ಒಂದೊಂದು ವಾರ ಹೆಚ್ಚಿಗಿ ಇದ್ದಷ್ಟೂ ಕೂಸಿಗಿ ಉಳಿಯೋ ಶಕ್ತಿ ಹೆಚ್ಚು, ಎಂಟನೇ ತಿಂಗಳದ್ದು ಏಳನೇದಕ್ಕಿಂತ ಗಟ್ಟಿ. ಈ ನಂಬಿಕಿ ಬರೇ ಸುಳ್ಳಾಗಿದ್ರ ನಾ ಬಿಡ್ತಿದ್ದೆ, ಇದರಿಂದ ಹೆಂಗೂ ಉಳಿಯಲ್ಲಂತ ಕೈಬಿಡೋರದಾರ, ಅದಕ್ಕ ಬರೀಲಾಕತ್ತೀನಿ. ಮತ್ತ ಏನ್ ಎತ್ತಿದ್ದೆವ್ವಾ, ಪಪ್ಪಾಯಿ ತಿಂದಿದ್ದೇನು, ಗ್ರಹಣದಾಗ ಹೊರಗ ಬಂದಿದ್ದೇನು ಅಂತ ಒಬ್ಬೊಬ್ಬರಾಗಿ ಬಂದು ಕೇಳಿದ್ರಲ್ಲ, ಅವರಿಗೆಲ್ಲಾ ಇವತ್ತ ಉತ್ತರ ಕೊಡ್ತೀನಿ. ಬಿಪಿ ಏರಿದ್ರ ಆಗ್ತದ, ಉಚ್ಚಿ ದಾರ್ಯಾಗ ಇನ್ಫೆಕ್ಷನ್ ಆದ್ರ ಆಗ್ತದ, ಅವಳಿ ಇದ್ರ, ರಕ್ತ ಕಮ್ಮಿ ಇದ್ರ, ಹೆರಿಗಿ ನಡುವ ಅಂತರ ಇಲ್ಲಂದ್ರ ಆಗ್ತದ, ಎಷ್ಟೋ ಸಲ ಕಾರಣಾನೇ ಸಿಗಲ್ಲ. 2020ನೇ ಒಂದೇ ವರ್ಷ ಜಗತ್ತಿನ್ಯಾಗ ಸುಮಾರು 1 ಕೋಟಿ 34 ಲಕ್ಷ ಕೂಸು 37 ವಾರ ತುಂಬೋದ್ರಾಗ ಹುಟ್ಯಾವ, ಅದರಾಗ ಸುಮಾರು 30 ಲಕ್ಷ ನಮ್ಮ ದೇಶದಾಗ, ಎಲ್ಲಾ ದೇಶಕ್ಕಿಂತ ಹೆಚ್ಚು. ಇಷ್ಟು ತಾಯಂದಿರು ಎಲ್ಲಾ ಪಪ್ಪಾಯಿ ತಿಂದಾರೇನು?

ಆ ದಿನಗಳು ನೆನಸ್ಕೊಂಡ್ರ ಈಗೂ ಕೈ ನಡಗ್ತಾವ. ಹಾಲು ಹಿಂಡಿ ಸಣ್ಣ ಬಟ್ಟಲಾಗ ಒಳಗ ಕೊಡೋದು, ಸಿಸ್ಟರ್ ಇಷ್ಟು ಕುಡದಾಳ ಅಂದ್ರ ಅವತ್ತಿನ ಹಬ್ಬ. ಗಿಣ್ಣದ ಹಾಲು ಚೆಲ್ಲು ಅಂತ ಯಾರೋ ಹೇಳಿದ್ರು, ನಾ ಚೆಲ್ಲಲಿಲ್ಲ. ಆಮ್ಯಾಲೆ ಕಾಂಗರೂ ಆರೈಕಿ, ಕೂಸಿನ ಬರೀ ಮೈ ನಮ್ಮ ಬರೀ ಎದಿಗಿ ಹಚ್ಚಿ ಬಟ್ಟಿ ಸುತ್ತಿ ಕೂಡೋದು. ಇದು 1978ರಾಗ ಕೊಲಂಬಿಯಾ ದೇಶದ ಬೊಗೊಟಾದಾಗ ಶುರು ಆಗಿದ್ದು, ನಮ್ಮ ಭಾಗದ ಕೊಪ್ಪಳ ಜಿಲ್ಲಾದಾಗೂ ಇದನ್ನ ಊರೂರಿಗಿ ಮುಟ್ಟಸೋ ಕೆಲಸ ಆಗ್ಯದ. ನನಗ ಜ್ವರ ಬಂದಾಗ ನಮ್ಮನಿಯವರು ಅಂಗಿ ತೆಗದು ತಾಸುಗಟ್ಲೆ ಮಗಳನ್ನ ಎದಿಮ್ಯಾಲೆ ಇಟ್ಕೊಂಡು ಕುಂತ್ರು, ನೋಡಾಕ ಬಂದ ಅವರ ಮಂದಿ ಗಂಡಸು ಹಿಂಗ ಕುಂಡ್ರೋದೇನು ಅಂತ ಆಡ್ಕೊಂಡ್ರು, ಇವರು ಎದ್ದೇಳ್ಲಿಲ್ಲ. ಆ ಮನಷ್ಯಾನ ಮ್ಯಾಲೆ ನನಗ ಎಷ್ಟು ಜಗಳ ಇದ್ರೂ ಆ ಒಂದು ದೃಶ್ಯ ಎಲ್ಲಾ ತೊಳದು ಹಾಕ್ತದ. ನಮಗ ಆವಾಗ ಕೂಸು ಜರಾ ಸುಧಾರಿಸ್ಲಿ ಅಂತ ಕಾಯಿಸಿದ್ರು, ಆಗಿನ ಪದ್ಧತಿ ಹಂಗಿತ್ತು. 2021ರಾಗ ಬಂದ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನದಾಗ ನಮ್ಮ ದೇಶದ ಕೂಸುಗಳೂ ಇದ್ವು, 1 ಕೆಜಿಯಿಂದ 1.8 ಕೆಜಿ ಒಳಗಿನ ಕೂಸಿಗಿ ಹುಟ್ಟಿದ ಕೂಡ್ಲೇ ಎದಿಗಿ ಹಚ್ಚಿದ್ರ ಸಾವು 25 ಪರ್ಸೆಂಟ್ ಕಮ್ಮಿ ಆಯ್ತಂತ. ಇಲ್ಲೂ ಮತ್ತ ಅದೇ ಟೈಮಿನ ಮಾತು ನೋಡ್ರಿ.

ಮಗಳು ಈಗ ಎರಡನೇ ಕ್ಲಾಸು, ಮನ್ಯಾಗ ಆಕಿದೇ ರಾಜ್ಯ. ಹಂಗಂತ ಎಲ್ಲಾ ಸರಿ ಆಯ್ತಲ್ಲ ಬಿಡು ಅನ್ನಬ್ಯಾಡ್ರಿ. ಅದೇ ವಾರ್ಡಿನ್ಯಾಗ ನನ್ನ ಬಾಜೂಕಿನ ಮಂಚದಾಕಿ ಬರೀ ಕೈಲೆ ಊರಿಗಿ ಹೋದ್ಳು. ಆಕಿನ್ನೂ ತಡ ಮಾಡೇ ಕರ್ಕೊಂಡು ಬಂದಿದ್ರು.

ಮನ್ಯಾಗ ಬಸುರಿ ಇದ್ದೋರು ಇದನ್ನ ಮನಿಯವರಿಗೆಲ್ಲಾ ಓದಿ ಹೇಳ್ರಿ. ಟೊಂಕ ನೋವು ಬಂದು ಬಂದು ಹೋಗ್ಲಾಕತ್ತಿದ್ರ, ಹೊಟ್ಟಿ ಮತ್ತ ಮತ್ತ ಬಿಗಿಲಾಕತ್ತಿದ್ರ, ನೀರು ಹನಿ ಹನಿ ಹೋದ್ರೂ ಸೈತ, ರಕ್ತ ಕಂಡ್ರ, ಕೂಸು ಕೆಳಗ ಒತ್ತಿದಂಗ ಆದ್ರ, ಯಾರು ಹ್ಞೂಂ ಅಂತಾರ ಅಂತ ಕಾಯಬ್ಯಾಡ್ರಿ, ಹೊಂಡ್ರಿ. ಹೋದ ಕೂಡ್ಲೆ ಎಷ್ಟನೇ ವಾರ ಅಂತ ಹೇಳ್ರಿ, ಕೂಸಿನ ಪುಪ್ಪುಸದ ಸೂಜಿ ಮಾಡ್ತೀರೇನ್ರಿ ಅಂತ ಬಾಯಿ ಬಿಟ್ಟು ಕೇಳ್ರಿ. ತಾಯಿ ಕಾರ್ಡ್ ಟ್ರಂಕಿನ್ಯಾಗ ಇಡಬ್ಯಾಡ್ರಿ, ಕೈಗಿ ಸಿಗೋಹಂಗ ಇಡ್ರಿ.

ಮತ್ತ ಈಗಾಗ್ಲೇ ಇಂಥ ಕೂಸು ಮನಿಗಿ ತಂದೋರು ಕಣ್ಣಿನ ಚೆಕಪ್ ಮರೀಬ್ಯಾಡ್ರಿ. 34 ವಾರದಕಿಂತ ಮೊದಲು ಹುಟ್ಟಿದ್ದು ಇಲ್ಲಾ 2 ಕೆಜಿಗಿಂತ ಕಮ್ಮಿ ಇದ್ದ ಕೂಸಿನ ಕಣ್ಣಿನ ಹಿಂದಿನ ಪರದೆದಾಗ ರಕ್ತನಾಳ ಪೂರಾ ಬೆಳದಿರಲ್ಲ, ಹೆಚ್ಚುಕಮ್ಮಿ ಬೆಳದ್ರ ದೃಷ್ಟಿನೇ ಹೋಗಬಹುದು, ಹೊರಗಿಂದ ನೋಡಿದ್ರ ಏನೂ ಕಾಣಲ್ಲ. ಹುಟ್ಟಿ 30 ದಿನದೊಳಗ ಅದಕ್ಕಂತೇ ಇರೋ ಕಣ್ಣಿನ ಡಾಕ್ಟರಿಗಿ ತೋರಸಬೇಕು, ಬಾಣಂತನ ಮುಗಿಲಿ ಅಂತ ಇಡೋ ಕೆಲಸ ಅಲ್ಲ. ಡಿಸ್ಚಾರ್ಜ್ ಚೀಟ್ಯಾಗ ಬರದಿರ್ಲಿಲ್ಲಂದ್ರ ಅಲ್ಲೇ ನಿಂತು ಕೇಳ್ರಿ, ಎಲ್ಲಿ ತೋರಸಬೇಕು, ಯಾವ ತಾರೀಖಿಗಿ ಅಂತ ಬರಸ್ಕೊಂಡೇ ಹೊರಗ ಬರ್ರಿ.