ಒಡೆದ ಕುಂಡಕ್ಕೆ ಬಣ್ಣ ಮದ್ದಲ್ಲ

ಟೊರಾಂಟೊದಲ್ಲಿ ಹಿಮ ಕರಗಿದ ಮೇಲೆ ಹಿತ್ತಿಲಿಗೆ ಇಳಿದರೆ, ಹೊರಗೆ ಬಿಟ್ಟ ಮಣ್ಣಿನ ಕುಂಡಗಳು ಪದರ ಪದರವಾಗಿ ಚಕ್ಕೆಯೆದ್ದು ನಿಂತಿರುತ್ತವೆ. ಸುಟ್ಟ ಮಣ್ಣು ಹೀರಿಕೊಂಡ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ಇರುಳು ಮತ್ತೆ ಗಟ್ಟಿಯಾಗುವ ದಿನಗಳು ಒಂದರ ಹಿಂದೊಂದು ಬಂದರೆ ಕುಂಡದ ಮೈ ತಾಳುವುದಿಲ್ಲ. ನಮ್ಮ ಮಲೆನಾಡಿನ ಕುಂಡಗಳಿಗೆ ಈ ಕಾಟವಿಲ್ಲ. ಅಲ್ಲಿ ಪಾಚಿ ಹಿಡಿಯುತ್ತದೆ, ತಳದ ತೂತು ಕಟ್ಟಿಕೊಳ್ಳುತ್ತದೆ. ಒಡೆಯುವುದೇನಿದ್ದರೂ ಹೆಚ್ಚಾಗಿ ಕೈಜಾರಿದಾಗ, ಇಲ್ಲವೇ ದನ ನುಗ್ಗಿದಾಗ.

ಆದರೂ ಎರಡೂ ಕಡೆಯವರು ಮೊದಲು ಕೈಹಾಕುವುದು ಕುಂಚಕ್ಕೆ. ಊರಿನಲ್ಲಿ ಕಾವಿ ಬಳಿಯುತ್ತಾರೆ, ಇಲ್ಲಿ ನೀರು ಹೀರದಂತೆ ತಡೆಯುವ ಲೇಪದ, ಅಂದರೆ ಸೀಲರ್‌ನ, ಡಬ್ಬಿ ತರುತ್ತಾರೆ. ಕಾವಿ ಅಂದಕ್ಕಾಗಿ, ಅದರ ಬಗ್ಗೆ ತಕರಾರಿಲ್ಲ. ಸೀಲರನ್ನು ಹೊರಮೈಗೆ ಮಾತ್ರ ದಪ್ಪವಾಗಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಳಗಿನ ಮಣ್ಣಿನಿಂದ ಗೋಡೆಗೆ ಇಳಿಯುವ ತೇವ ಹೊರಗೆ ಆರಿಹೋಗಲಾರದೆ ಆ ಲೇಪದ ಹಿಂದೆಯೇ ನಿಂತು, ಚಳಿಗಾಲದಲ್ಲಿ ಲೇಪವನ್ನೂ ಅದರೊಡನೆ ಮಣ್ಣಿನ ಚಕ್ಕೆಯನ್ನೂ ಕಿತ್ತುಹಾಕುತ್ತದೆ. ಹಚ್ಚುವುದೇ ಆದರೆ ಕುಂಡವನ್ನು ಬರಿದುಮಾಡಿ, ಹಲವು ದಿನ ಬಿಸಿಲಿಗಿಟ್ಟು, ಒಳಮೈಗೆ ಹಚ್ಚಬೇಕು.

ಬಿರುಕು ತುಂಬುವ ವಿಷಯದಲ್ಲಿ ಊರಿನ ಹಳೆಯ ರೀತಿಯೇ ಮೇಲೆಂದು ನನ್ನ ಎಣಿಕೆ, ಆದರೆ ಇಟ್ಟಿಗೆಯಲ್ಲಿ ಕಟ್ಟಿದ ತೊಟ್ಟಿ, ಕಟ್ಟೆಗಳ ಮಟ್ಟಿಗೆ. ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಸುರ್ಕಿ ಗಾರೆ ತೇವವನ್ನು ಒಳಗೇ ಕಟ್ಟಿಹಾಕುವುದಿಲ್ಲ, ಸಿಮೆಂಟಿನಷ್ಟು ಬಿರುಸೂ ಅಲ್ಲ. ಕೃಷ್ಣರಾಜಸಾಗರವನ್ನು ಕಟ್ಟಿದ್ದು ಇದೇ ಬಗೆಯ ಗಾರೆಯಿಂದ. ಅದು ನಿಧಾನವಾಗಿ ಬಲಿಯುವುದರಿಂದ ಟೊರಾಂಟೊದಲ್ಲಿ ಈ ಕೆಲಸವನ್ನು ಬೇಸಿಗೆಯ ಮೊದಲಲ್ಲೇ ಮುಗಿಸಬೇಕು, ಹಸಿ ಗಾರೆಗೆ ಹಿಮ ತಗುಲಿದರೆ ಪುಡಿಯಾಗುತ್ತದೆ. ತೆಳುವಾದ ಕುಂಡಕ್ಕೆ ಮಾತ್ರ ಎರಡು ಭಾಗ ಕಲಸುವ ಎಪಾಕ್ಸಿಯೇ ಸರಿ: ಸೀಳನ್ನು ಬ್ರಷ್ಷಿನಿಂದ ಉಜ್ಜಿ, ಅಂಟು ತುಂಬಿ, ಕಂಠದ ಕೆಳಗೆ ಕಟ್ಟುತಂತಿ ಸುತ್ತಿ ಇಕ್ಕಳದಿಂದ ತಿರುಚಿ ಬಿಗಿಯಬೇಕು. ಆ ತಂತಿಯನ್ನು ಆಮೇಲೆ ಬಿಚ್ಚುವ ಅಗತ್ಯವಿಲ್ಲ, ಬಳ್ಳಿ ಇಳಿಬಿಟ್ಟರೆ ಕಾಣುವುದೂ ಇಲ್ಲ.

ಇಲ್ಲಿನವರ ಸೀಡರ್ ಮರದ ಪೆಟ್ಟಿಗೆಗಳ ಕತೆ ಬೇರೆ. ಸೀಡರ್ ತಾನಾಗಿ ಕೊಳೆಯುವಿಕೆಯನ್ನು ತಡೆಯುವ ಮರ, ಆದರೂ ನೆಲಕ್ಕೆ ಅಂಟಿಕೂತ ತಳದ ಹಲಗೆ ಮೊದಲು ಹೋಗುತ್ತದೆ. ಅದೊಂದನ್ನು ಬದಲಿಸುವಾಗ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ತಗುಲಿ ಕಪ್ಪು ಕಲೆ ಇಳಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಇಲ್ಲಿ ಹಚ್ಚುವ ಅಗಸೆ ಎಣ್ಣೆಗಿಂತ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕರಾವಳಿಯ ಗೇರೆಣ್ಣೆ ಗೆದ್ದಲಿಗೂ ಮಳೆಗೂ ಗಟ್ಟಿ, ಆದರೆ ಅದು ಚರ್ಮವನ್ನು ಸುಡುತ್ತದೆ, ತರಕಾರಿ ಬೆಳೆಯುವ ಪೆಟ್ಟಿಗೆಗೆ ನಾನಂತೂ ಹಚ್ಚಲಾರೆ. ಯಾವ ಎಣ್ಣೆ ಹಚ್ಚಿದರೂ ಪೆಟ್ಟಿಗೆಯ ನಾಲ್ಕು ಮೂಲೆಗೆ ಹಂಚಿನ ಚೂರು ಕೊಟ್ಟು ಒಂದು ಬೆರಳಿನಷ್ಟು ಎತ್ತರಿಸದಿದ್ದರೆ ಹೊಸ ಹಲಗೆಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.