ಬಾಣಂತಿಯ ಚಪ್ಪಲಿ, ಪ್ರಧಾನಿಯ ಕುರ್ಚಿ

2021ರ ಜನವರಿಯಲ್ಲಿ ಮಂಗೋಲಿಯಾದ ಪ್ರಧಾನಿ ಖುರೆಲ್‌ಸುಖ್ ರಾಜೀನಾಮೆ ಕೊಟ್ಟರು. ಕಾರಣ ಒಂದು ವಿಡಿಯೊ. ಆಗಷ್ಟೇ ಹೆರಿಗೆಯಾದ ಹೆಂಗಸೊಬ್ಬಳಿಗೆ ಕೋವಿಡ್ ಅಂತ ಗೊತ್ತಾಗಿತ್ತು. ಮೈಮೇಲೆ ಆಸ್ಪತ್ರೆಯ ತೆಳು ಬಟ್ಟೆ, ಕಾಲಿಗೆ ಬರೀ ಚಪ್ಪಲಿ. ಹೊರಗೆ ಮೈನಸ್ 25 ಡಿಗ್ರಿ ಚಳಿ. ಕೂಸಿನ ಜೊತೆ ಅವಳನ್ನು ಹಾಗೇ ಬೇರೆ ಕಡೆಗೆ ಸಾಗಿಸಿದರು. ಇದನ್ನು ಊರೆಲ್ಲ ನೋಡಿತು. ರಾಜಧಾನಿ ಉಲಾನ್‌ಬಾತರ್‌ನ ಸುಖ್‌ಬಾತರ್ ಚೌಕದಲ್ಲಿ ಜನ ಸೇರಿದರು. ಆ ವಾರ ಮುಗಿಯುವ ಮೊದಲೇ ಸರ್ಕಾರ ಬಿತ್ತು.

ನಾನು ಆಗ ಇಲ್ಲಿಗೆ, ಉಲಾನ್‌ಬಾತರ್‌ಗೆ, ಬಂದಿರಲಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ. ಬರುವುದು ರಾಜಕೀಯದ ಮಾತಾಗಿ ಅಲ್ಲ, ಬಾಣಂತಿಯ ಮಾತಾಗಿ. ಇಲ್ಲಿಯವರಿಗೆ ಬಾಣಂತನ ಅಂದರೆ ನಮ್ಮಷ್ಟೇ ಕಟ್ಟುನಿಟ್ಟು. ನಮ್ಮ ಕಡೆ ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ, ಕೂಸಿಗೆ ಸಾಂಬ್ರಾಣಿ ಹೊಗೆ. ಇಲ್ಲಿ ಕುರಿಮಾಂಸದ ಬಿಸಿ ಸಾರು, ಕಾಲಿಗೆ ದಪ್ಪ ಉಣ್ಣೆಯ ಸಾಕ್ಸು, ತಣ್ಣೀರು ಮುಟ್ಟುವ ಹಾಗಿಲ್ಲ. ಸಹೋದ್ಯೋಗಿಯೊಬ್ಬಳ ಮಗು ನೋಡಲು ಹೋದಾಗ ಅವಳ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಮೈಮೇಲಿನ ಚಳಿ ಆರಲಿ, ಆಮೇಲೆ ಒಳಗೆ ಬಾ ಅಂದರು. ಸಂಡೂರಿನ ನಮ್ಮ ಅಜ್ಜಿ ಇದ್ದಿದ್ದರೂ ಅಷ್ಟೇ ಮಾಡುತ್ತಿದ್ದಳು. ಇಂಥ ಜನ ಆ ಚಪ್ಪಲಿ ನೋಡಿ ಸುಮ್ನೆ ಕೂರುತ್ತಾರಾ?

ಇದನ್ನು ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಜಿಲ್ಲೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡಿಸೆಂಬರ್ ಹೊತ್ತಿಗೆ ಐದು ಜನ. ನರಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂತು. ಅಧಿಕಾರಿಯೊಬ್ಬರು ಅಮಾನತಾದರು. ಕಂಪನಿ ಕಪ್ಪುಪಟ್ಟಿಗೆ ಸೇರಿತು. ಅಗತ್ಯ ಬಿದ್ದರೆ ರಾಜೀನಾಮೆಗೂ ಸಿದ್ಧ ಎಂದರು ಆರೋಗ್ಯ ಮಂತ್ರಿಗಳು. ಅಗತ್ಯ ಬೀಳಲಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಸುದ್ದಿ ಹೇಳಿದೆ. "ಆಮೇಲೆ ಜನ ಏನು ಮಾಡಿದರು?" ಅಂತ ಕೇಳಿದರು. ನಾನು ವಿಧಾನಸಭೆಯ ಗದ್ದಲ, ಪರಿಹಾರದ ದುಡ್ಡು, ತನಿಖೆ ಎಲ್ಲ ಹೇಳಿದೆ. ಅವರು ಕೇಳಿದ್ದು ಅದಲ್ಲ.

ಮಂಗೋಲಿಯಾದವರು ನಮಗಿಂತ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಒಂದು ಅನುಕೂಲ ಇದೆ. ಇಡೀ ದೇಶದಲ್ಲಿ ಇರುವುದೇ ಸುಮಾರು 35 ಲಕ್ಷ ಜನ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಈ ಒಂದೇ ಊರಿನಲ್ಲಿ. ಸಂಸತ್ತಿನ ಎದುರಿಗೇ ಚೌಕ. ಮೆಟ್ಟಿಲ ಮೇಲೆ ಚಿಂಗಿಸ್ ಖಾನ್ ಕೂತಿದ್ದಾನೆ, ಕೆಳಗೆ ಮಕ್ಕಳು ಆಟದ ಕಾರು ಓಡಿಸುತ್ತಾರೆ. ಸಿಟ್ಟು ಬಂದವರು ಆಫೀಸು ಮುಗಿಸಿ ಬಸ್ ಹಿಡಿದು ಬಂದರೆ ಸಾಕು. 1990ರಲ್ಲಿ ಒಂದೇ ಪಕ್ಷದ ಆಡಳಿತ ಕೊನೆಯಾಗಿದ್ದೂ ಇದೇ ಚೌಕದ ಉಪವಾಸದಿಂದ, ಒಂದು ಗುಂಡೂ ಹಾರದೆ. ನಮ್ಮಲ್ಲಿ ಸಂಡೂರಿನವನಿಗೆ ಸಿಟ್ಟು ಬಂದರೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು. ಹೋದರೂ ವಿಧಾನಸೌಧದ ಹತ್ತಿರ ಬಿಡುವುದಿಲ್ಲ, ಫ್ರೀಡಂ ಪಾರ್ಕಿನೊಳಗೆ ಕೂಗಿ ಬರಬೇಕು.

ಅನುಕೂಲದ ಮಾತು ಬಿಡಿ, ನಾಚಿಕೆಯ ಮಾತು ಬೇರೆ. 2025ರ ಮೇ ತಿಂಗಳಲ್ಲಿ ಆಗಿನ ಪ್ರಧಾನಿ ಒಯುನ್-ಎರ್ದೆನೆ ಮಗನ ಗೆಳತಿ ಫೋಟೊ ಹಾಕಿದಳು. ದುಬಾರಿ ಬ್ಯಾಗು, ಉಂಗುರ. ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಹುಡುಗರು ಚೌಕಕ್ಕೆ ಬಂದರು. "ರಾಜೀನಾಮೆ ಸುಲಭ" ಅನ್ನೋದು ಅವರ ಘೋಷಣೆ. ತಾವು ತಪ್ಪು ಮಾಡಿಲ್ಲ, ಇದು ಸಂಚು ಎಂದರು ಪ್ರಧಾನಿ. ಜೂನ್‌ನಲ್ಲಿ ವಿಶ್ವಾಸ ಮತಕ್ಕೆ ಹಾಕಿದಾಗ 126 ಸದಸ್ಯರ ಸಂಸತ್ತಿನಲ್ಲಿ 64 ಮತ ಬೇಕಿತ್ತು, 44 ಬಂತು. ಅಲ್ಲಿಗೆ ಮುಗಿಯಿತು.

ನನಗೆ ತಕ್ಷಣ ನೆನಪಾಗಿದ್ದು 2016ರ ನವೆಂಬರ್. ನೋಟು ರದ್ದಾಗಿ ವಾರ ಕಳೆದಿತ್ತು, ಅಷ್ಟೇ. ಜನ ಎಟಿಎಂ ಮುಂದೆ ನಿಂತಿದ್ದಾಗ ನಮ್ಮ ಗಣಿ ಧಣಿಯೊಬ್ಬರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಂಪಿಯ ಸೆಟ್ ಹಾಕಿಸಿ ಮಗಳ ಮದುವೆ ಮಾಡಿದರು. ಕರೆಯೋಲೆ ತೆರೆದರೆ ಪರದೆ ಮೇಲೆ ಹಾಡು ಬರುತ್ತಿತ್ತು. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಆ ವಿಡಿಯೊ ಎಷ್ಟು ಸಲ ಬಂತೋ! ಬೈದವರು ಕಡಿಮೆ. "ಏನ್ ವೈಭವ ರೀ" ಅಂದವರೇ ಜಾಸ್ತಿ.

ಗಣಿ ಅಂದರೆ ಇನ್ನೂ ಹೇಳಬೇಕು. ನಾನು ಇಲ್ಲಿ ಕೆಲಸ ಮಾಡುವುದು ಗಣಿ ಯಂತ್ರಗಳ ರಿಪೇರಿ ಕಂಪನಿಯಲ್ಲಿ. ದಕ್ಷಿಣದ ಗೋಬಿಯಲ್ಲಿ ತವನ್ ತೊಲ್ಗೊಯ್ ಕಲ್ಲಿದ್ದಲು ಗಣಿ ಇದೆ. ಅಲ್ಲಿಂದ ಚೀನಾ ಗಡಿಯ ಗಶೂನ್‌ಸುಖೈತ್‌ವರೆಗೆ ಲಾರಿಗಳ ಸಾಲು. ಮೊದಲ ಸಲ ನೋಡಿದಾಗ ಹೊಸಪೇಟೆ ರಸ್ತೆಯೇ ಕಣ್ಣಿಗೆ ಬಂತು. ಧೂಳು ಮಾತ್ರ ಕೆಂಪಿನ ಬದಲು ಕಪ್ಪು. ಕೊಳ್ಳುವವನೂ ಅವನೇ. ನಮ್ಮ ಅದಿರು ಬೇಲೆಕೇರಿ ಬಂದರಿನಿಂದ ಚೀನಾಕ್ಕೆ ಹೋಯಿತು, ಇವರ ಕಲ್ಲಿದ್ದಲು ಮರುಭೂಮಿ ದಾಟಿ ಹೋಗುತ್ತದೆ. ಕಳ್ಳತನವೂ ಎರಡೂ ಕಡೆ ಆಯಿತು. 2022ರ ಡಿಸೆಂಬರ್‌ನಲ್ಲಿ ಲೆಕ್ಕಕ್ಕೆ ಸಿಗದ ಕಲ್ಲಿದ್ದಲು ಗಡಿ ದಾಟಿದೆ ಅನ್ನೋ ಸುದ್ದಿ ಒಡೆದಾಗ ಹುಡುಗರು ಮೈನಸ್ 20ರ ಚಳಿಯಲ್ಲಿ ಚೌಕದಲ್ಲಿ ಬೆಂಕಿ ಹಾಕಿಕೊಂಡು ರಾತ್ರಿ ಕಳೆದರು. ಸರ್ಕಾರ ಕಲ್ಲಿದ್ದಲನ್ನು ಷೇರುಪೇಟೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹರಾಜು ಹಾಕಲು ಶುರು ಮಾಡಿತು. ನಮ್ಮಲ್ಲೂ ಅದಿರಿನ ಇ-ಹರಾಜು ಬಂತು. ಆದರೆ ಅದನ್ನು ತಂದಿದ್ದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಸಮಾಜ ಪರಿವರ್ತನ ಸಮುದಾಯದಂಥವರು ಹಾಕಿದ ಕೇಸು, ಸುಪ್ರೀಂ ಕೋರ್ಟು. ಸಂಡೂರಿನ ನಾವು ಆಗ ಲಾರಿ ಸಾಲ ತೀರಿಸುವ ಚಿಂತೆಯಲ್ಲಿದ್ದೆವು.

ಇಲ್ಲಿ ಇನ್ನೊಂದು ಇದೆ. ತವನ್ ತೊಲ್ಗೊಯ್ ಸರ್ಕಾರಿ ಕಂಪನಿಯ 1072 ಷೇರನ್ನು ಒಬ್ಬೊಬ್ಬ ನಾಗರಿಕನ ಹೆಸರಿಗೆ ಬರೆದರು. ಕೈಗೆ ಬಂದ ದುಡ್ಡು ದೊಡ್ಡದೇನಲ್ಲ. ಚುನಾವಣೆಯ ಗಿಮಿಕ್ ಅಂತ ಬೈಯುವವರೂ ಇದ್ದಾರೆ, ಅದೂ ನಿಜವೇ. ಆದರೂ ನಮ್ಮ ಡ್ರೈವರ್ ಲಾರಿ ಸಾಲು ನೋಡಿ "ನನ್ನ ಕಲ್ಲಿದ್ದಲು ಹೋಗ್ತಾ ಇದೆ" ಅಂತ ತಮಾಷೆ ಮಾಡುತ್ತಾನೆ. ನಮ್ಮೂರಲ್ಲಿ ಗುಡ್ಡ ಕರಗುವಾಗ ಅದು ನನ್ನದು ಅಂತ ಯಾರಿಗಾದರೂ ಅನಿಸಿತ್ತಾ? ಅನಿಸಿದ್ದರೆ ಗುತ್ತಿಗೆ ಇದ್ದವರಿಗೆ.

ಹೊರಗಿನ ವಿಷಯಕ್ಕೆ ಬಂದರೆ ಇದೇ ಜನ ಬೇರೆ ಥರ. ಒಳಗೆ ಅಷ್ಟು ಗಲಾಟೆ ಮಾಡುವವರು ನೆರೆಯವರ ಬಗ್ಗೆ ದನಿ ಏರಿಸುವುದಿಲ್ಲ. ರಫ್ತಿನ ಬಹುಪಾಲು ಚೀನಾಕ್ಕೆ, ಬಂಕಿನ ಪೆಟ್ರೋಲ್ ಬಹುಪಾಲು ರಷ್ಯಾದ್ದು. 2016ರಲ್ಲಿ ದಲಾಯಿ ಲಾಮಾ ಬಂದು ಹೋದ ಮೇಲೆ ಚೀನಾ ಸಾಲದ ಮಾತುಕತೆ ನಿಲ್ಲಿಸಿ ಗಡಿಯಲ್ಲಿ ಹೊಸ ಸುಂಕ ಹಾಕಿತು. ಇನ್ನು ಕರೆಯುವುದಿಲ್ಲ ಅಂತ ಇವರ ವಿದೇಶಾಂಗ ಮಂತ್ರಿಯೇ ಹೇಳಬೇಕಾಯಿತು. ಇಲ್ಲಿಯ ಗಂದನ್ ಬೌದ್ಧ ಮಠದ ಲಾಮಾಗಳಿಗೆ ಅದು ಎಷ್ಟು ನೋವಾಗಿರಬೇಕು! ಅವರಲ್ಲಿ ಕೆಲವರು ಓದಿ ಬಂದಿರುವುದು ನಮ್ಮ ಮುಂಡಗೋಡು, ಬೈಲಕುಪ್ಪೆಯಲ್ಲಿ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಸೊಳ್ಳೆ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವ ಲಾಮಾ ಒಬ್ಬರು ಅಲ್ಲಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಬಂದರು. ಅವರ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನ ವಾರಂಟು ಇತ್ತು, ಮಂಗೋಲಿಯಾ ಆ ನ್ಯಾಯಾಲಯದ ಸದಸ್ಯ. ಆದರೂ ಅದೇ ಚೌಕದಲ್ಲಿ ಮರ್ಯಾದೆ ಮಾಡಿ ಕಳಿಸಿದರು. ಯುರೋಪಿನವರು ಬೈದರು. ಚಳಿಗಾಲದಲ್ಲಿ ಒಂದು ವಾರ ಡೀಸೆಲ್ ನಿಂತರೆ ಏನಾಗುತ್ತದೆ ಅಂತ ಇಲ್ಲಿದ್ದವರಿಗೆ ಗೊತ್ತು. ನಾನು ಬೈಯಲಾರೆ.

ನಾವು ಇದಕ್ಕೆ ತಿರುಗುಮುರುಗು. 2020ರಲ್ಲಿ ಚೀನಾ ಮಾಲು ಬೇಡ ಅಂತ ಟಿವಿ ಒಡೆದವರನ್ನು ನೋಡಿದ್ದೇವೆ. ಅದೇ ಚೀನಾಕ್ಕೆ ಗುಡ್ಡಗಟ್ಟಲೆ ಅದಿರು ಕಳಿಸಿದವರನ್ನು ಮಾತ್ರ ಹಾರ ಹಾಕಿ ಗೆಲ್ಲಿಸಿದೆವು. ದೂರದವರ ಮೇಲೆ ರೇಗುವುದು ಸುಲಭ, ಖರ್ಚಿಲ್ಲ.

ಇಲ್ಲಿಯದು ಸ್ವರ್ಗ ಅಂದುಕೊಳ್ಳಬೇಡಿ. 1990ರಿಂದ ಈಚೆಗೆ ಹದಿನೈದಕ್ಕೂ ಹೆಚ್ಚು ಪ್ರಧಾನಿಗಳು ಬಂದು ಹೋದರು. ಗೆರ್ ಅಂದರೆ ಉಣ್ಣೆಯ ಗುಡಾರ, ಆ ಗುಡಾರಗಳ ಬಡಾವಣೆಯ ಒಲೆಯ ಹೊಗೆ ಮಾತ್ರ ಹೋಗಿಲ್ಲ. ಜನವರಿಯ ಬೆಳಿಗ್ಗೆ ಕಿಟಕಿ ತೆರೆದರೆ ಗಂಟಲು ಉರಿಯುತ್ತದೆ. ರಾಜೀನಾಮೆ ಕೊಟ್ಟವರೂ ಮನೆಗೆ ಹೋಗುವುದಿಲ್ಲ. ಖುರೆಲ್‌ಸುಖ್ ಅದೇ ವರ್ಷ ಜೂನ್‌ನಲ್ಲಿ ಅಧ್ಯಕ್ಷರಾಗಿ ಗೆದ್ದರು. ನಮ್ಮ ಯಡಿಯೂರಪ್ಪನವರೂ 2011ರಲ್ಲಿ ಗಣಿ ವರದಿ ಬಂದು ಕುರ್ಚಿ ಬಿಟ್ಟರು, ಮುಂದೆ ಕೋರ್ಟಿನಲ್ಲಿ ಖುಲಾಸೆಯಾಗಿ ಮತ್ತೆ ಮುಖ್ಯಮಂತ್ರಿಯಾದರು. ಒಯುನ್-ಎರ್ದೆನೆ ಜಾಗಕ್ಕೆ ಬಂದವರೂ ಅವರದೇ ಪಕ್ಷದವರು. ಮತ್ತೆ ಯಾಕೆ ಚೌಕಕ್ಕೆ ಹೋಗುತ್ತೀರಿ ಅಂತ, ಮಗು ನೋಡಲು ಹೋಗಿದ್ದೆನಲ್ಲ, ಆ ಸಹೋದ್ಯೋಗಿಯನ್ನೇ ಕೇಳಿದೆ. "ಮುಂದಿನವನು ಹೆದರಿಕೊಂಡಾದರೂ ತಿನ್ನಲಿ" ಅಂದಳು.

ಈಗ ಇವರ ಕೋಕಿಂಗ್ ಕಲ್ಲಿದ್ದಲನ್ನು, ಅಂದರೆ ಉಕ್ಕು ಮಾಡಲು ಬೇಕಾದ ಕಲ್ಲಿದ್ದಲನ್ನು, ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ತರಿಸುವ ಮಾತು ಪತ್ರಿಕೆಗಳಲ್ಲಿ ಬಂದಿದೆ. ಸಮುದ್ರ ಇಲ್ಲದ ದೇಶ, ಚೀನಾದ ಬಂದರೋ ರಷ್ಯಾದ ಬಂದರೋ ಹಿಡಿಯಬೇಕು, ಸಾಗಣೆ ಖರ್ಚು ಸಿಕ್ಕಾಪಟ್ಟೆ. ಕೂಡಿ ಬಂದರೆ ಎಷ್ಟಕ್ಕೆ ಮಾರಿದಿರಿ ಅಂತ ಈ ಚೌಕದಲ್ಲಿ ಕೇಳೇ ಕೇಳುತ್ತಾರೆ. ತೋರಣಗಲ್ಲಿನಲ್ಲಿ ಅದರ ಬೂದಿ ಎಲ್ಲಿಗೆ ಹೋಗುತ್ತದೆ ಅಂತ ನಮ್ಮವರೂ ಕೇಳಬೇಕಲ್ಲ. ಹೋದ ಸಲ ಊರಿಗೆ ಬಂದಾಗ ಈ ಮಾತು ಎತ್ತಿದೆ. "ನೀನು ಯಾವಾಗ ವಾಪಸ್ ಹೋಗ್ತಿ?" ಅಂದರು.