ನದಿಗಳನ್ನು ಮರೆತರೆ ಹೇಗೆ?

ಬೆನ್ ಆರನೊವಿಚ್ ಅವರ ‘ರಿವರ್ಸ್ ಆಫ್ ಲಂಡನ್’ ಎಂಬ ಇಂಗ್ಲಿಷ್ ಕಾದಂಬರಿ ಸರಣಿಯು ಪೊಲೀಸ್ ಕಥೆಗೆ ಮಾಟಮಂತ್ರ ಬೆರೆಸಿದ ರಂಜನೆಯಷ್ಟೇ ಎಂದು ನಾನು ಓದಿದ ಲೇಖನವೊಂದು ತಳೆದ ತೀರ್ಮಾನವನ್ನು ನಾನು ಒಪ್ಪಲಾರೆ. 1988 ಮತ್ತು 1989ರಲ್ಲಿ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿ.ವಿ. ಧಾರಾವಾಹಿಗೆ ಕಥೆ ಬರೆದಿದ್ದ ಅವರು, ಮುಂದೆ ಲಂಡನ್ನಿನ ಕಾವೆಂಟ್ ಗಾರ್ಡನ್ನಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದು, 2011ರಲ್ಲಿ ಈ ಸರಣಿಯ ಮೊದಲ ಕಾದಂಬರಿಯನ್ನು ಹೊರತಂದರು. (ಅದರ ಮೊದಲ ಕೊಲೆ ನಡೆಯುವುದೂ ಕಾವೆಂಟ್ ಗಾರ್ಡನ್ನಿನಲ್ಲಿಯೇ.) ಚಳಿಯಲ್ಲಿ ಅಲ್ಲಿ ಕಾವಲು ನಿಂತ ಪೀಟರ್ ಗ್ರಾಂಟ್ ಎಂಬ ಎಳೆಯ ಕಾನ್‌ಸ್ಟೆಬಲ್‌ಗೆ ಪ್ರತ್ಯಕ್ಷ ಸಾಕ್ಷಿಯಾಗಿ ಎದುರಾಗುವುದು ಒಂದು ಪ್ರೇತ, ಅವನಾದರೋ ಹೆದರಿ ಓಡದೆ ಅದರ ಹೇಳಿಕೆ ಪಡೆಯಲು ಮುಂದಾಗುತ್ತಾನೆ. ಪತ್ತೇದಾರಿಕೆಯ ಶಿಸ್ತನ್ನೂ ಅದ್ಭುತವನ್ನೂ ಒಂದೇ ದೃಶ್ಯದಲ್ಲಿ ಹೀಗೆ ಬೆಸೆಯುವುದು ಸಾಮಾನ್ಯ ಕಸುಬುಗಾರಿಕೆಯಲ್ಲ.

ಇದಕ್ಕಿಂತ ದೊಡ್ಡದು ನದಿಗಳ ಸಂಗತಿ. ಇಲ್ಲಿ ಥೇಮ್ಸ್ ತಾಯಿಯಾದರೆ, ಊರು ಬೆಳೆದಂತೆ ರಸ್ತೆಗಳಡಿಯ ಚರಂಡಿಗಳಾಗಿ ಹೂತುಹೋದ ಫ್ಲೀಟ್, ಟೈಬರ್ನ್ ಎಂಬ ತೊರೆಗಳು ತಮ್ಮ ಹಕ್ಕನ್ನು ಬಿಟ್ಟುಕೊಡದ ಹೆಣ್ಣುಮಕ್ಕಳು. ಹೇಮಾವತಿಗೆ ಬಾಗಿನ ಅರ್ಪಿಸುವ ಹಾಸನದವರಾದ ನಮಗೆ ನದಿ ದೇವಿಯಾಗುವುದು ಹೊಸತಲ್ಲ. ಆದರೆ ಜನರು ಮುಚ್ಚಿ ಮರೆತ ತೊರೆಯೂ ದೇವಿಯಾಗಿಯೇ ಉಳಿದು ಲೆಕ್ಕ ಕೇಳುತ್ತಾಳೆಂಬ ಕಲ್ಪನೆ ನನ್ನನ್ನು ಬಹಳ ಕಾಡಿತು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಏರಿದಾಗ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚನ್ನು ಕಂಡವರಿಗೆ ಇಂಥ ಕಾದಂಬರಿಯ ಸಾಮಗ್ರಿ ನಮ್ಮಲ್ಲೂ ಇದೆಯೆಂದು ಬೇರೆ ಹೇಳಬೇಕಿಲ್ಲ. ಬೇಲೂರಿನ ಠಾಣೆಯ ಪೇದೆಯೊಬ್ಬ ಯಗಚಿ ನದಿಯ ಹೇಳಿಕೆಯನ್ನು ದಾಖಲಿಸಿಕೊಳ್ಳುವ ಪತ್ತೇದಾರಿ ಕಾದಂಬರಿಯನ್ನು ನಮ್ಮ ಲೇಖಕರು ಕನ್ನಡದಲ್ಲಿ ಬರೆಯಬೇಕು.